ಸಮತಟ್ಟಿಲ್ಲದ ನಾಡಿನಲ್ಲಿ ಆಟದ ಬಯಲು

ರೇಡಿಯೋದಲ್ಲಿ ಆಟದ ವಿವರಣೆ ಕೇಳುವಾಗ ನಾವೆಲ್ಲರೂ ನಮಗೆ ಅರಿವಿಲ್ಲದೆಯೇ ಒಂದು ಕೆಲಸ ಮಾಡುತ್ತೇವೆ. ವಿವರಣೆಗಾರನ ದನಿಯನ್ನು ಹಿಡಿದುಕೊಂಡು ಮನಸ್ಸಿನಲ್ಲಿ ಒಂದು ಮೈದಾನವನ್ನು ಹಾಸಿಕೊಳ್ಳುತ್ತೇವೆ. ಚೆಂಡು ಎಡಕ್ಕೆ ಹೋಯಿತೆಂದರೆ ನಮ್ಮ ಕಣ್ಣೂ ಎಡಕ್ಕೆ ಹೊರಳುತ್ತದೆ. ಮೂಲೆಯಿಂದ ಒದೆತ ಎಂದರೆ ನಮ್ಮ ಮೈದಾನಕ್ಕೂ ಒಂದು ಮೂಲೆ ಮೂಡುತ್ತದೆ. ಆದರೆ ಆ ಮೈದಾನ ಎಲ್ಲಿಂದ ಬಂದಿತು, ಅದನ್ನು ಯಾರು ಕೊಟ್ಟರು, ಅದಕ್ಕೆ ಮುಂಚೆ ಅಲ್ಲಿ ಏನಿತ್ತು ಎಂದು ನಾವು ಕೇಳುವುದಿಲ್ಲ. ನೆಲವೆಂದ ಮೇಲೆ ಸಮತಟ್ಟಾಗಿರುವುದು ಅದರ ಸ್ವಭಾವ ಎಂದು ಬಯಲುಸೀಮೆಯವರು ನಂಬಿಬಿಟ್ಟಿದ್ದಾರೆ. ಮನೆಯ ಮುಂದೆ ಅಡಿಕೆ ಒಣಗಿಸಲು ನಾಲ್ಕು ಮಾರು ಅಂಗಳ ಬೇಕಾದರೂ ಗುಡ್ಡ ಕಡಿಯಬೇಕಾದ ಮಲೆನಾಡಿನವರಿಗೆ ಮಾತ್ರ ಅದರ ಬೆಲೆ ಗೊತ್ತು.

ಒಂದು ಪೂರ್ಣ ಪ್ರಮಾಣದ ಫುಟ್‌ಬಾಲ್ ಅಂಕಣಕ್ಕೆ 105 ಮೀಟರ್ ಉದ್ದ, 68 ಮೀಟರ್ ಅಗಲದ ನೆಲ ಬೇಕು. ಎಂದರೆ ಸುಮಾರು ಒಂದೂಮುಕ್ಕಾಲು ಎಕರೆ. ಒಂದು ಕಡೆ ಉಬ್ಬು, ಒಂದು ಕಡೆ ತಗ್ಗು ಇರಬಾರದು. ಜನ ಕುಳಿತು ನೋಡುವ ಜಾಗ ಬೇರೆ. ನಾಡೇ ಬೆಟ್ಟಗಳಿಂದ ತುಂಬಿದ್ದರೆ ಇಷ್ಟು ನೆಲವನ್ನು ಎಲ್ಲಿಂದ ತರುವುದು? ಇದಕ್ಕೆ ಉತ್ತರ ಹುಡುಕುತ್ತ ಸ್ವಿಟ್ಜರ್ಲೆಂಡಿನ ಕ್ರೀಡಾಂಗಣಗಳನ್ನು ಒಂದು ಸುತ್ತು ಹಾಕಿ ಬರೋಣ, ಬನ್ನಿ.

ಆ ದೇಶದ ವಿಸ್ತೀರ್ಣ 41,285 ಚದರ ಕಿಲೋಮೀಟರ್. ನಮ್ಮ ಕರ್ನಾಟಕದ ಕಾಲು ಭಾಗಕ್ಕೂ ಕಡಮೆ. ಅದರಲ್ಲಿ ನೂರಕ್ಕೆ ಅರುವತ್ತರಷ್ಟನ್ನು ಆಲ್ಪ್ಸ್ ಪರ್ವತಗಳು ಆಕ್ರಮಿಸಿವೆ. ವಾಯವ್ಯದಲ್ಲಿ ಜೂರಾ ಬೆಟ್ಟಗಳು ಇನ್ನು ಹತ್ತರಷ್ಟನ್ನು ಹಿಡಿದುಕೊಂಡಿವೆ. ಉಳಿದ ಮೂವತ್ತು ಪಾಲು ಇವೆರಡರ ನಡುವೆ ಹಾದುಹೋಗುವ ಪ್ರಸ್ಥಭೂಮಿ. ಅದೂ ದಿಬ್ಬ ತಗ್ಗುಗಳಿಂದ ಕೂಡಿದ್ದೇ. ದೇಶದ ಜನರಲ್ಲಿ ಮೂರರಲ್ಲಿ ಎರಡು ಪಾಲು ಆ ಪಟ್ಟಿಯಲ್ಲೇ ಒತ್ತಾಗಿ ನೆಲಸಿದ್ದಾರೆ. ಅವರ ಹೊಲ, ಹಸು, ಕಾರ್ಖಾನೆ, ರೈಲುದಾರಿ, ಮನೆ ಮಠ ಎಲ್ಲವೂ ಅಲ್ಲಿಯೇ ಆಗಬೇಕು. ಇಂಥಲ್ಲಿ ಇಪ್ಪತ್ತೆರಡು ಮಂದಿ ಚೆಂಡು ಒದೆಯುವುದಕ್ಕೆಂದು ನೆಲ ಬಿಡಿ ಎಂದರೆ ಸುಮ್ಮನೆ ಬಿಟ್ಟಾರೆಯೆ?

ಆದರೂ ಯೂರೋಪಿನ ಭೂಖಂಡದಲ್ಲಿ ಈ ಆಟವನ್ನು ಮೊದಮೊದಲು ಕಲಿತವರಲ್ಲಿ ಸ್ವಿಸ್ ಜನರೂ ಸೇರಿದ್ದಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಓದಲೆಂದೂ ವ್ಯಾಪಾರಕ್ಕೆಂದೂ ಅಲ್ಲಿಗೆ ಬಂದ ಇಂಗ್ಲಿಷರು ತಮ್ಮ ಆಟವನ್ನೂ ಜತೆಗೆ ತಂದರು. 1879ರಲ್ಲಿ ಸೇಂಟ್ ಗಾಲೆನ್ ನಗರದಲ್ಲಿ ಹುಟ್ಟಿದ ಸಂಘ ಇಂದಿಗೂ ಬಾಳುತ್ತಿದೆ. 1886ರಲ್ಲಿ ಜೂರಿಕ್ ನಗರದಲ್ಲಿ ಒಬ್ಬ ಇಂಗ್ಲಿಷ್ ವಿದ್ಯಾರ್ಥಿ ಕಟ್ಟಿದ ಸಂಘಕ್ಕೆ ‘ಗ್ರಾಸ್‌ಹಾಪರ್’ ಎಂಬ ಹೆಸರಾಯಿತು. ನಮ್ಮ ಮಾತಿನಲ್ಲಿ ಮಿಡತೆ. 1898ರಲ್ಲಿ ಬರ್ನ್ ನಗರದವರು ಕಟ್ಟಿದ್ದು ‘ಯಂಗ್ ಬಾಯ್ಸ್’. ಜರ್ಮನ್ ಮಾತನಾಡುವ ಊರುಗಳಲ್ಲಿ ಇಂಗ್ಲಿಷ್ ಹೆಸರುಗಳು ಏಕೆ ಎಂದು ಬೆರಗಾಗುವವರಿಗೆ ಇದೇ ಉತ್ತರ.

ಸಂಘಗಳು ಹುಟ್ಟಿದವು, ಬಯಲೆಲ್ಲಿ? ಅಲ್ಲಿನ ಊರುಗಳಿಗೆ ‘ಆಲ್ಮೆಂಡ್’ ಎಂಬ ಸಾಮೂಹಿಕ ಹುಲ್ಲುಗಾವಲು ಉಂಟು. ನಮ್ಮ ಗೋಮಾಳವನ್ನು ನೆನೆದುಕೊಂಡರೆ ಅದು ಏನೆಂದು ತಿಳಿಯುತ್ತದೆ: ಯಾರೊಬ್ಬರದೂ ಅಲ್ಲ, ಊರಿನ ಎಲ್ಲರದೂ. ಲೂಸರ್ನ್ ನಗರದ ಆಟಗಾರರಿಗೆ ನೆಲೆ ಸಿಕ್ಕಿದ್ದು ಅಂಥ ಜಾಗದಲ್ಲಿ. 1934ರಲ್ಲಿ ಅಲ್ಲಿ ಎದ್ದ ಕ್ರೀಡಾಂಗಣಕ್ಕೆ ಆಲ್ಮೆಂಡ್ ಎಂದೇ ಹೆಸರಾಯಿತು. ಒಂದು ಮಾತನ್ನು ಇಲ್ಲಿಯೇ ಗಮನಿಸಿರಿ. ಎಲ್ಲರಿಗೂ ಸೇರಿದ ನೆಲದ ಮೇಲೆ ಎಲ್ಲರಿಗೂ ಮಾತಾಡುವ ಹಕ್ಕು ಬರುತ್ತದೆ. ಮುಂದಿನ ಕಥೆಯ ಬೀಜ ಇದೇ.

1920ರ ದಶಕದ ಹೊತ್ತಿಗೆ ಆಟ ನೋಡಲು ಸಾವಿರಾರು ಮಂದಿ ಸೇರತೊಡಗಿದರು. 1925ರಲ್ಲಿ ಬರ್ನ್ ನಗರದ ವಾಂಕ್‌ಡೋರ್ಫ್, ಅದೇ ವರ್ಷ ಜೂರಿಕ್ಕಿನ ಲೆಟ್ಸಿಗ್ರುಂಡ್, 1929ರಲ್ಲಿ ಅದೇ ನಗರದ ಹಾರ್ಡ್‌ಟುರ್ಮ್, 1930ರಲ್ಲಿ ಜಿನೀವಾದ ಶಾರ್ಮೀಯ್ ಎಂಬ ಕ್ರೀಡಾಂಗಣಗಳು ಒಂದರ ಹಿಂದೊಂದು ತೆರೆದವು.

ಆಮೇಲೆ ಯುದ್ಧ ಬಂದಿತು. ಸುತ್ತಲ ದೇಶಗಳೆಲ್ಲ ಹಾಳಾದುವು. ತಟಸ್ಥವಾಗಿದ್ದ ಸ್ವಿಟ್ಜರ್ಲೆಂಡ್ ಉಳಿದುಕೊಂಡಿತು. 1946ರಲ್ಲಿ ಅಂತರರಾಷ್ಟ್ರೀಯ ಫುಟ್‌ಬಾಲ್ ಸಂಸ್ಥೆ ಸಭೆ ಸೇರಿದಾಗ 1954ರ ವಿಶ್ವ ಕಪ್ ಸ್ಪರ್ಧೆಯನ್ನು ಈ ಪುಟ್ಟ ದೇಶಕ್ಕೆ ಒಪ್ಪಿಸಿದ್ದರಲ್ಲಿ ಆಶ್ಚರ್ಯವೇನಿಲ್ಲ. ಆ ಸಂಸ್ಥೆಯ ಕಚೇರಿಯೂ 1932ರಿಂದ ಜೂರಿಕ್ ನಗರದಲ್ಲಿಯೇ ಇತ್ತು. 1954 ಅದರ ಐವತ್ತನೆಯ ವರ್ಷ ಬೇರೆ.

ಆರು ಊರುಗಳು ಸಜ್ಜಾದುವು. ಬಾಸೆಲ್ ನಗರದಲ್ಲಿ ಸೇಂಟ್ ಯಾಕೋಬ್ ಎಂಬ ಹೊಸ ಕ್ರೀಡಾಂಗಣ ಎದ್ದಿತು. ಬರ್ನ್ ನಗರದ ವಾಂಕ್‌ಡೋರ್ಫನ್ನೂ ಲೋಸಾನ್ ನಗರದ ಪೋಂಟೇಸ್ ಕ್ರೀಡಾಂಗಣವನ್ನೂ ದೊಡ್ಡದಾಗಿ ಕಟ್ಟಿದರು. ಜೂರಿಕ್, ಜಿನೀವಾ, ಇಟಲಿಯ ಗಡಿಯ ಲುಗಾನೋ ಉಳಿದ ಮೂರು. ಜರ್ಮನ್, ಫ್ರೆಂಚ್, ಇಟಾಲಿಯನ್ ಮಾತನಾಡುವ ಮೂರೂ ಪ್ರಾಂತಗಳಿಗೆ ಪಂದ್ಯಗಳು ಹಂಚಿಹೋದುವು. ಹದಿನಾರು ತಂಡಗಳು ಆಡಿದ 26 ಪಂದ್ಯಗಳಲ್ಲಿ 140 ಗೋಲುಗಳು ಬಂದುವು. ಪಂದ್ಯಕ್ಕೆ ಐದಕ್ಕೂ ಹೆಚ್ಚು. ಆ ಸರಾಸರಿಯನ್ನು ಮುಂದೆ ಯಾವ ವಿಶ್ವ ಕಪ್ಪೂ ಮುಟ್ಟಲಿಲ್ಲ.

ಜೂನ್ 26ರಂದು ಲೋಸಾನ್ ನಗರದಲ್ಲಿ ಸ್ವಿಟ್ಜರ್ಲೆಂಡಿಗೂ ನೆರೆಯ ಆಸ್ಟ್ರಿಯಕ್ಕೂ ಪಂದ್ಯ. ಬಿಸಿಲು ಕೆಂಡ ಕಾರುತ್ತಿತ್ತು. ಇಪ್ಪತ್ತು ನಿಮಿಷ ಕಳೆಯುವಷ್ಟರಲ್ಲಿ ಆತಿಥೇಯರು ಮೂರು ಗೋಲು ಹೊಡೆದು ಮುಂದಾದರು. ಇನ್ನೇನು ಗೆದ್ದೆವು ಎಂದು ಜನ ಕುಣಿಯುತ್ತಿರುವಾಗಲೇ ಆಸ್ಟ್ರಿಯದವರು ಮೂರು ನಿಮಿಷಗಳಲ್ಲಿ ಮೂರು ಗೋಲು ತೀರಿಸಿಬಿಟ್ಟರು. ಅವರ ಗೋಲು ಕಾಯುವಾತನಿಗೆ ಬಿಸಿಲು ಹೊಡೆದು, ಅವನು ತೂರಾಡುತ್ತಲೇ ನಿಂತಿದ್ದನಂತೆ. ಕಡೆಗೆ ಆಸ್ಟ್ರಿಯ 7, ಸ್ವಿಟ್ಜರ್ಲೆಂಡ್ 5. ವಿಶ್ವ ಕಪ್ಪಿನ ಒಂದೇ ಪಂದ್ಯದಲ್ಲಿ ಹನ್ನೆರಡು ಗೋಲುಗಳ ದಾಖಲೆಯನ್ನು ಯಾರೂ ಮುರಿದಿಲ್ಲ.

ಎಂಟು ದಿನ ಕಳೆದು, ಜುಲೈ 4ರಂದು, ಬರ್ನ್ ನಗರದಲ್ಲಿ ಅಂತಿಮ ಪಂದ್ಯ. ಅಂದು ಬಿಸಿಲಲ್ಲ, ಮಳೆ. ಒಂದು ಕಡೆ ಹಂಗೆರಿ. 1952ರ ಒಲಿಂಪಿಕ್ ವಿಜೇತರು, 1953ರಲ್ಲಿ ಇಂಗ್ಲೆಂಡನ್ನು ಅದರ ಸ್ವಂತ ನೆಲದಲ್ಲಿ 6-3ರಿಂದ ಸೋಲಿಸಿದವರು, ನಾಲ್ಕು ವರ್ಷಗಳಿಂದ ಸೋಲನ್ನೇ ಕಾಣದವರು. ಇನ್ನೊಂದು ಕಡೆ ಪಶ್ಚಿಮ ಜರ್ಮನಿ. ಎರಡು ವಾರದ ಹಿಂದೆಯಷ್ಟೇ ಬಾಸೆಲ್ ನಗರದಲ್ಲಿ ಇದೇ ಹಂಗೆರಿ ಅದನ್ನು 8-3ರಿಂದ ಬಡಿದುಹಾಕಿತ್ತು. ಎಂಟು ನಿಮಿಷದೊಳಗೆ ಹಂಗೆರಿಯ ಎರಡು ಗೋಲು ಬಿದ್ದುವು. ಹದಿನೆಂಟನೆಯ ನಿಮಿಷಕ್ಕೆ ಜರ್ಮನರು ಸಮ ಮಾಡಿಕೊಂಡರು. ಕೆಸರಿನಲ್ಲಿ ಹಿಡಿತ ಸಿಗಲೆಂದು ಅವರ ಬೂಟುಗಳಿಗೆ ಉದ್ದನೆಯ ತಿರುಗುಮೊಳೆಗಳನ್ನು ಹಾಕಿದ್ದರು. ಆಟ ಮುಗಿಯಲು ಆರು ನಿಮಿಷವಿರುವಾಗ ಹೆಲ್ಮುಟ್ ರಾನ್ ಎಂಬಾತ ಎಡಗಾಲಿನಿಂದ ಒದೆದ ಚೆಂಡು ಬಲೆಯ ಮೂಲೆಗೆ ಸೇರಿತು. ಜರ್ಮನಿಗೆ 3, ಹಂಗೆರಿಗೆ 2.

ಆ ಗಳಿಗೆಯನ್ನು ವಾಂಕ್‌ಡೋರ್ಫಿನಲ್ಲಿ ಕಣ್ಣಾರೆ ಕಂಡವರು ಸುಮಾರು 60,000 ಮಂದಿ. ಕಿವಿಯಾರೆ ಕೇಳಿದವರು ಕೋಟಿಗಟ್ಟಲೆ. ಟೆಲಿವಿಷನ್ನಿನಲ್ಲಿ ತೋರಿಸಿದ ಮೊದಲ ವಿಶ್ವ ಕಪ್ ಅದೇ ಆದರೂ ಟೆಲಿವಿಷನ್ ಇದ್ದ ಮನೆಗಳು ಬಹಳ ಕಡಮೆ. ಜರ್ಮನಿಯ ಮನೆಮನೆಗಳಲ್ಲಿ ಜನ ರೇಡಿಯೋ ಸುತ್ತ ಕುಳಿತಿದ್ದರು. ಹರ್ಬರ್ಟ್ ಝಿಮ್ಮರ್‌ಮನ್ ಎಂಬ ವಿವರಣೆಗಾರ, ರಾನ್ ಹೊಡೆದ ಗೋಲನ್ನು ಕಂಡು, ಗೋಲು ಗೋಲು ಎಂದು ದನಿ ಒಡೆಯುವಂತೆ ಕೂಗಿದ್ದು ಆ ದೇಶದವರ ನೆನಪಿನಲ್ಲಿ ಅಚ್ಚೊತ್ತಿ ನಿಂತಿದೆ. ಯುದ್ಧದಲ್ಲಿ ಸೋತು, ಒಂಬತ್ತು ವರ್ಷ ತಲೆತಗ್ಗಿಸಿಕೊಂಡು ಬಾಳಿದ ಜನರಿಗೆ ಅದು ಬರಿಯ ಆಟದ ಸುದ್ದಿಯಾಗಿರಲಿಲ್ಲ. ಎಂದೂ ಬರ್ನ್ ನಗರವನ್ನು ನೋಡದಿದ್ದವರು ಕೂಡ ವಾಂಕ್‌ಡೋರ್ಫ್ ಎಂಬ ಹೆಸರನ್ನು ತಮ್ಮ ಊರಿನ ಹೆಸರಿನಂತೆ ಹೇಳತೊಡಗಿದರು. ಅಷ್ಟು ಮಂದಿ ಕೇಳುಗರು ತಮ್ಮ ತಮ್ಮ ಮನಸ್ಸಿನಲ್ಲಿ ಆ ಸಂಜೆ ಒಂದೊಂದು ವಾಂಕ್‌ಡೋರ್ಫ್ ಕಟ್ಟಿಕೊಂಡಿದ್ದರು.

ಅದೇ ನೆಲ ಕೆಲವರಿಗೆ ಶಾಪವೂ ಆಯಿತು. 1961ರ ಮೇ 31ರಂದು ಯೂರೋಪಿನ ಸಂಘಗಳ ಕಪ್ಪಿಗಾಗಿ ಪೋರ್ಚುಗಲ್ಲಿನ ಬೆನ್ಫಿಕಾ, ಸ್ಪೇನಿನ ಬಾರ್ಸೆಲೋನಾ ಅಲ್ಲಿ ಎದುರಾದುವು. 1954ರಲ್ಲಿ ಸೋತ ಹಂಗೆರಿಯ ತಂಡದ ಕೋಚಿಶ್ ಮತ್ತು ಸಿಬೋರ್ ಈಗ ಬಾರ್ಸೆಲೋನಾದ ಆಟಗಾರರು. ಇಬ್ಬರೂ ಒಂದೊಂದು ಗೋಲು ಹೊಡೆದರು. ಅವರ ತಂಡದ ಒದೆತಗಳು ಮತ್ತೆ ಮತ್ತೆ ಗೋಲಿನ ಕಂಬಕ್ಕೆ ಬಡಿದು ಹಿಂದಕ್ಕೆ ಬಂದುವು. ಫಲಿತಾಂಶ? ಮತ್ತೆ 3-2, ಮತ್ತೆ ಸೋಲು. ಒಂದೇ ಅಂಕಣದಲ್ಲಿ, ಒಂದೇ ಅಂತರದಲ್ಲಿ, ಏಳು ವರ್ಷಗಳಲ್ಲಿ ಎರಡು ಸಲ ಸೋತ ಆ ಇಬ್ಬರ ಮನಸ್ಸು ಹೇಗಿದ್ದೀತು ಎಂಬುದನ್ನು ನೀವೇ ಊಹಿಸಿಕೊಳ್ಳಿರಿ.

ಇಷ್ಟೆಲ್ಲ ಚರಿತ್ರೆಯನ್ನು ಹೊತ್ತ ವಾಂಕ್‌ಡೋರ್ಫನ್ನು ಸ್ವಿಸ್ ಜನ ಏನು ಮಾಡಿದರು? 2001ರಲ್ಲಿ ಸಿಡಿಮದ್ದಿಟ್ಟು ಕೆಡವಿದರು. ಕಟ್ಟಡ ಹಳತಾಗಿತ್ತು, ಗೋಡೆಗಳು ಶಿಥಿಲವಾಗಿದ್ದುವು. ಅದೇ ಜಾಗದಲ್ಲಿ 2005ರಲ್ಲಿ ಹೊಸದೊಂದು ತೆರೆಯಿತು. ಹಳೆಯದರ ಅರ್ಧದಷ್ಟು ಜನಕ್ಕೆ ಮಾತ್ರ ಜಾಗ. ಅದಕ್ಕೆ ‘ಸ್ಟಾಡ್ ದ ಸ್ವಿಸ್’ ಎಂದು ಹೊಸ ಹೆಸರನ್ನೂ ಇಟ್ಟರು. ಜನ ಒಪ್ಪಿ ಕರೆಯಲಿಲ್ಲ. 2020ರಲ್ಲಿ ವಾಂಕ್‌ಡೋರ್ಫ್ ಎಂಬ ಹಳೆಯ ಹೆಸರೇ ಮರಳಿ ಬಂದಿತು. ಹಳೆಯ ಕ್ರೀಡಾಂಗಣದ ಗಡಿಯಾರವನ್ನು ಹೊಸದರ ಹೊರಗೆ ನಿಲ್ಲಿಸಿದ್ದಾರೆ.

ಈ ಹೊಸ ಕಟ್ಟಡದ ಒಳಹೊಕ್ಕು ನೋಡಿದರೆ ನಮ್ಮ ಮೊದಲಿನ ಪ್ರಶ್ನೆಗೆ ಅರ್ಧ ಉತ್ತರ ಸಿಗುತ್ತದೆ. ಅಂಕಣದ ಕೆಳಗೆ ಅಂಗಡಿಗಳು. ಛಾವಣಿಯ ಮೇಲೆ ಬಿಸಿಲಿನಿಂದ ವಿದ್ಯುತ್ತು ತೆಗೆಯುವ ಹಲಗೆಗಳು. ಬಾಸೆಲ್ ನಗರದವರು ಇದಕ್ಕೂ ಮೊದಲೇ ದಾರಿ ತೋರಿಸಿದ್ದರು. ಅಲ್ಲಿನ ಹಳೆಯ ಸೇಂಟ್ ಯಾಕೋಬ್ ಹೋಗಿ 2001ರಲ್ಲಿ ಎದ್ದ ಹೊಸ ಕ್ರೀಡಾಂಗಣವನ್ನು ಅದೇ ಊರಿನ ಪ್ರಖ್ಯಾತ ಶಿಲ್ಪಿಗಳಾದ ಹೆರ್ಟ್ಸೋಗ್ ಮತ್ತು ದ ಮ್ಯೂರಾನ್ ರೂಪಿಸಿದರು. ಅದರಲ್ಲಿ ಅಂಗಡಿಸಾಲು ಮಾತ್ರವಲ್ಲದೆ ವಯಸ್ಸಾದವರು ವಾಸಿಸುವ ಮನೆಗಳೂ ಇವೆ. ಅಜ್ಜ ಅಜ್ಜಿಯರ ಗೋಡೆಯಾಚೆಯೇ ಹುಡುಗರು ಚೆಂಡು ಒದೆಯುತ್ತಾರೆ. ಲೂಸರ್ನ್ ನಗರದ ಆಲ್ಮೆಂಡಿನಲ್ಲಿ 2011ರಲ್ಲಿ ಹೊಸ ಕ್ರೀಡಾಂಗಣ ಬಂದಾಗ ಪಕ್ಕದಲ್ಲೇ ಎರಡು ಎತ್ತರದ ವಾಸದ ಗೋಪುರಗಳೂ ಎದ್ದುವು. ನೆಲ ದುಬಾರಿ, ವಾರಕ್ಕೊಂದು ಪಂದ್ಯ ಆಡಿ ಉಳಿದ ಆರು ದಿನ ಖಾಲಿ ಬಿದ್ದಿರುವಷ್ಟು ಭೋಗ ಆ ನಾಡಿನಲ್ಲಿ ಆಟಕ್ಕಿಲ್ಲ. ಇರುವ ನೆಲ ಎರಡು ಮೂರು ದುಡಿಮೆ ದುಡಿಯಬೇಕು.

ಉಳಿದ ಅರ್ಧ ಉತ್ತರ ಮತಪೆಟ್ಟಿಗೆಯಲ್ಲಿದೆ. ಸ್ವಿಟ್ಜರ್ಲೆಂಡಿನಲ್ಲಿ ಪ್ರತಿನಿಧಿಗಳನ್ನು ಆರಿಸಿ ಕಳುಹಿಸಿದೊಡನೆ ಪ್ರಜೆಯ ಕೆಲಸ ಮುಗಿಯುವುದಿಲ್ಲ. ನಗರಸಭೆ ದೊಡ್ಡ ಮೊತ್ತ ಖರ್ಚು ಮಾಡಬೇಕೆಂದರೆ, ಊರಿನ ನಕ್ಷೆ ಬದಲಿಸಬೇಕೆಂದರೆ, ಮತದಾರರನ್ನೇ ಕೇಳಬೇಕಾಗುತ್ತದೆ. ಹೌದು ಅಥವಾ ಇಲ್ಲ ಎಂದು ಅವರು ಬರೆದು ಹಾಕುತ್ತಾರೆ. ಆದುದರಿಂದ ಅಲ್ಲಿನ ಎಷ್ಟೋ ಕ್ರೀಡಾಂಗಣಗಳ ಅಡಿಪಾಯದಲ್ಲಿ ಕಲ್ಲಿಗಿಂತ ಮೊದಲು ಬಿದ್ದದ್ದು ಮತಚೀಟಿ.

ಇದರ ಸಿಹಿಕಹಿ ಎರಡನ್ನೂ ಕಾಣಬೇಕಾದರೆ ಜೂರಿಕ್ಕಿನ ಹಾರ್ಡ್‌ಟುರ್ಮ್ ಕಥೆ ಕೇಳಬೇಕು. 1929ರಿಂದ ಮಿಡತೆ ಸಂಘದ ಮನೆಯಾಗಿದ್ದ ಆ ಕ್ರೀಡಾಂಗಣದ ಜಾಗದಲ್ಲಿ ಹೊಸದು ಕಟ್ಟಲು 2003ರಲ್ಲಿ ಮತದಾರರು ಒಪ್ಪಿದರು. ಅಕ್ಕಪಕ್ಕದವರು ನೆರಳು, ಗದ್ದಲ, ವಾಹನಗಳ ಕಾಟವೆಂದು ತಕರಾರು ಹೂಡಿದರು. ವ್ಯಾಜ್ಯ ಬೆಳೆಯಿತು, ಯೋಜನೆ ಮುರಿದುಬಿತ್ತು. 2007ರಲ್ಲಿ ಹಳೆಯ ಅಂಗಳದಲ್ಲಿ ಕಡೆಯ ಪಂದ್ಯ ನಡೆಯಿತು. ಮರುವರ್ಷ ಕೆಡವುವ ಕೆಲಸವೂ ಆರಂಭವಾಯಿತು. ಸಂಘ ತನ್ನ ಬದ್ಧ ಪ್ರತಿಸ್ಪರ್ಧಿಯ ನೆಲೆಯಾದ ಲೆಟ್ಸಿಗ್ರುಂಡಿಗೆ ಒಕ್ಕಲು ಹೋಯಿತು. ಲೆಟ್ಸಿಗ್ರುಂಡ್ ಓಟಗಾರರ ನೆಲ. 1960ರಲ್ಲಿ ಜರ್ಮನಿಯ ಅರ್ಮಿನ್ ಹ್ಯಾರಿ ನೂರು ಮೀಟರನ್ನು ಹತ್ತೇ ಸೆಕೆಂಡುಗಳಲ್ಲಿ ಓಡಿದ್ದು ಅಲ್ಲಿಯೇ. ಅಂಕಣಕ್ಕೂ ಪ್ರೇಕ್ಷಕರಿಗೂ ನಡುವೆ ಓಟದ ದಾರಿ ಹಾದಿರುವುದರಿಂದ ಚೆಂಡಾಟ ನೋಡುವವರಿಗೆ ಆಟ ದೂರವೆನಿಸುತ್ತದೆ.

2013ರಲ್ಲಿ ನಗರದ ಹಣದಿಂದಲೇ ಕ್ರೀಡಾಂಗಣ ಕಟ್ಟುವ ಪ್ರಸ್ತಾಪ ಮತಕ್ಕೆ ಬಂದಿತು. ನೂರಕ್ಕೆ ಐವತ್ತೊಂದರ ಹತ್ತಿರ ಬೇಡವೆಂದು, ಕೂದಲೆಳೆಯಲ್ಲಿ ಬಿದ್ದುಹೋಯಿತು. 2018ರಲ್ಲಿ ಇನ್ನೊಂದು ಯೋಜನೆ: ಕ್ರೀಡಾಂಗಣ, ಜತೆಗೆ 137 ಮೀಟರ್ ಎತ್ತರದ ಎರಡು ಗೋಪುರ, ಸಹಕಾರ ಸಂಘದ ಮನೆಗಳು. ಈ ಬಾರಿ ಹೌದು ಎಂದರು. 2020ರಲ್ಲಿ ನಕ್ಷೆಯ ಮೇಲೆ ಮತ್ತೊಮ್ಮೆ ಮತ, ಮತ್ತೊಮ್ಮೆ ಹೌದು. ಆಮೇಲೂ ಐದು ವರ್ಷ ಕಳೆದುವು, ಕ್ರೀಡಾಂಗಣ ಏಳಲಿಲ್ಲ. ಇಷ್ಟರಲ್ಲಿ ಆ ಖಾಲಿ ನೆಲದಲ್ಲಿ ಗಿಡಗಂಟಿ ಬೆಳೆದುವು. ನೆರೆಹೊರೆಯವರು ತರಕಾರಿ ಪಾತಿ ಮಾಡಿದರು, ಮಕ್ಕಳು ಆಡಿದರು. ಈಗ ಅದನ್ನೂ ಉಳಿಸಿ ಎನ್ನುವವರುಂಟು.

ಇದೇನು ಆಡಳಿತ, ಒಂದು ಮೈದಾನಕ್ಕೆ ಇಪ್ಪತ್ತು ವರ್ಷದ ಜಗಳವೆ ಎಂದು ನಿಮಗೆ ನಗು ಬರಬಹುದು. ಮಿಡತೆ ಸಂಘದ ಅಭಿಮಾನಿಗಳಿಗೆ ಮಾತ್ರ ನಗು ಬರಲಾರದು. ತಂದೆಯ ಕೈಹಿಡಿದು ಹಾರ್ಡ್‌ಟುರ್ಮಿಗೆ ಹೋಗುತ್ತಿದ್ದ ಹುಡುಗ ಬೆಳೆದು ತಾನೇ ತಂದೆಯಾದರೂ ಮಗನನ್ನು ಕರೆದೊಯ್ಯಲು ಸ್ವಂತ ಮನೆಯಿಲ್ಲ. ಆದರೆ ಇನ್ನೊಂದು ಮಗ್ಗುಲನ್ನೂ ನೋಡಿರಿ. ಯಾವ ಒಬ್ಬ ಧನಿಕನೂ, ಯಾವ ಒಬ್ಬ ಅಧಿಕಾರಿಯೂ ರಾತ್ರೋರಾತ್ರಿ ಅಲ್ಲಿನ ಬಯಲನ್ನು ನುಂಗಲಾರ. ಕಟ್ಟುವುದು ಎಷ್ಟು ಕಷ್ಟವೋ ಕಸಿದುಕೊಳ್ಳುವುದೂ ಅಷ್ಟೇ ಕಷ್ಟ.

ಹಾಗೆಂದು ಆ ಮತಪೆಟ್ಟಿಗೆ ಎಂದಿನಿಂದಲೂ ನ್ಯಾಯದ ತಕ್ಕಡಿಯಾಗಿತ್ತೆಂದು ಭಾವಿಸಬಾರದು. 1954ರ ಕ್ರೀಡಾಂಗಣಗಳು ಎದ್ದಾಗ ಆ ದೇಶದ ಹೆಂಗಸರಿಗೆ ದೇಶದ ಚುನಾವಣೆಗಳಲ್ಲಿ ಮತವೇ ಇರಲಿಲ್ಲ. 1959ರಲ್ಲಿ ಕೇಳಿದಾಗ ಗಂಡಸರು ಇಲ್ಲವೆಂದರು. ಕೊಟ್ಟದ್ದು 1971ರಲ್ಲಿ. ನಮ್ಮಲ್ಲಿ 1951-52ರ ಮೊದಲ ಮಹಾಚುನಾವಣೆಯಲ್ಲೇ ಸ್ತ್ರೀಪುರುಷರೆಲ್ಲ ಮತ ಹಾಕಿದ್ದರೆಂಬುದನ್ನು ನೆನೆದರೆ ಆಶ್ಚರ್ಯವಾಗುತ್ತದೆ. ಎಲ್ಲರದೂ ಎಂದುಕೊಂಡ ಬಯಲು ಅರ್ಧ ಜನರದು ಮಾತ್ರವಾಗಿತ್ತು.

ಆ ಲೆಕ್ಕವನ್ನು ಸ್ವಲ್ಪಮಟ್ಟಿಗೆ ತೀರಿಸಿದ್ದು 2025ರ ಜುಲೈ. ಯೂರೋಪಿನ ಮಹಿಳೆಯರ ಫುಟ್‌ಬಾಲ್ ಚಾಂಪಿಯನ್‌ಷಿಪ್ ಸ್ವಿಟ್ಜರ್ಲೆಂಡಿನ ಎಂಟು ಊರುಗಳಲ್ಲಿ ನಡೆಯಿತು. ಬಾಸೆಲ್, ಬರ್ನ್, ಜಿನೀವಾ, ಜೂರಿಕ್, ಸೇಂಟ್ ಗಾಲೆನ್, ಲೂಸರ್ನ್ ಅಲ್ಲದೆ ತೂನ್, ಸಿಯೋನ್ ಎಂಬ ಸಣ್ಣ ಊರುಗಳಿಗೂ ಆ ಭಾಗ್ಯ ಬಂದಿತು. ತೂನ್ ಊರಿನ ಸಂಘ 2005ರಲ್ಲಿ ಯೂರೋಪಿನ ಹಿರಿಯ ಸ್ಪರ್ಧೆಗೆ ಅರ್ಹವಾದಾಗ ಸ್ವಂತ ಅಂಗಳ ಸಾಲದೆ ಬರ್ನ್ ನಗರಕ್ಕೆ ಹೋಗಿ ಆಡಬೇಕಾಗಿತ್ತು. 2011ರಲ್ಲಿ ಕಟ್ಟಿಕೊಂಡ ಹೊಸ ಕ್ರೀಡಾಂಗಣಕ್ಕೆ ಎದುರಿಗೆ ಕಾಣುವ ಸ್ಟಾಕ್‌ಹಾರ್ನ್ ಬೆಟ್ಟದ ಹೆಸರನ್ನೇ ಇಟ್ಟರು. ರೋನ್ ನದಿಯ ಕಣಿವೆಯಲ್ಲಿರುವ ಸಿಯೋನಿನ ತೂರ್‌ಬಿಯೋನ್ ಕ್ರೀಡಾಂಗಣವೂ ಅಷ್ಟೇ. ಊರ ಬೆಟ್ಟದ ಮೇಲಿನ ಹಾಳು ಕೋಟೆಯ ಹೆಸರು ಅದಕ್ಕೆ. ಆ ಜುಲೈ ತಿಂಗಳಲ್ಲಿ ಆರೂವರೆ ಲಕ್ಷಕ್ಕೂ ಹೆಚ್ಚು ಮಂದಿ ಹೆಣ್ಣುಮಕ್ಕಳ ಆಟ ನೋಡಲು ಬಂದರು. ಬಾಸೆಲ್ ನಗರದ ಅಂತಿಮ ಪಂದ್ಯದಲ್ಲಿ ಇಂಗ್ಲೆಂಡ್ ಸ್ಪೇನನ್ನು ಪೆನಾಲ್ಟಿ ಒದೆತಗಳಲ್ಲಿ ಸೋಲಿಸಿತು.

ನಮ್ಮ ಸುತ್ತಾಟವನ್ನು ಒಂದು ಎತ್ತರದ ಜಾಗದಲ್ಲಿ ಮುಗಿಸೋಣ. ವಾಲೇಸ್ ಪ್ರಾಂತದ ಸ್ಟಾಲ್ಡೆನ್ ಎಂಬ ಊರಿನಿಂದ ಹಗ್ಗದ ಮೇಲೆ ತೂಗಿಕೊಂಡು ಹೋಗುವ ತೊಟ್ಟಿಲು ಗಾಡಿಯಲ್ಲಿ ಕುಳಿತರೆ ಗ್ಸ್ಪೋನ್ ಎಂಬ ಹಳ್ಳಿ ಸಿಗುತ್ತದೆ. ಅಲ್ಲಿಗೆ ಕಾರು ಹೋಗುವ ದಾರಿಯಿಲ್ಲ. ಸಮುದ್ರಮಟ್ಟದಿಂದ ಸುಮಾರು 2000 ಮೀಟರ್ ಎತ್ತರ. ಎಂದರೆ ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತಲೂ ಮೇಲೆ. ಅಲ್ಲಿ ಹಳ್ಳಿಯವರದೇ ಒಂದು ಫುಟ್‌ಬಾಲ್ ಅಂಕಣ ಉಂಟು. ಹೆಸರಾಂತ ತರಬೇತುದಾರ ಒಟ್ಮಾರ್ ಹಿಟ್ಸ್‌ಫೆಲ್ಡರ ಹೆಸರನ್ನು ಅದಕ್ಕೆ ಇಟ್ಟಿದ್ದಾರೆ. ಪೂರ್ಣ ಅಳತೆಗೆ ಬೇಕಾದಷ್ಟು ಸಮತಟ್ಟು ನೆಲ ಬೆಟ್ಟದಲ್ಲಿ ಸಿಕ್ಕಲಿಲ್ಲ, ಆದುದರಿಂದ ಅಂಕಣ ಚಿಕ್ಕದು. ಆ ಎತ್ತರದಲ್ಲಿ ಹುಲ್ಲು ನಿಲ್ಲದೆಂದು ಕೃತಕ ಹಾಸು ಹಾಸಿದ್ದಾರೆ. ಸುತ್ತಲೂ ಬಲೆ ಕಟ್ಟಿದ್ದಾರೆ. ಆದರೂ ಜೋರಾಗಿ ಒದೆದ ಚೆಂಡು ಬಲೆ ದಾಟಿ ಕಣಿವೆಗೆ ಉರುಳುವುದುಂಟು. ಆಗ ಯಾರಾದರೂ ಇಳಿದು ಹುಡುಕಬೇಕು, ಇಲ್ಲವೆ ಇನ್ನೊಂದು ಚೆಂಡು ತರಬೇಕು.

ಅಲ್ಲಿ ಅಂಗಡಿಗಳಿಲ್ಲ, ಗೋಪುರಗಳಿಲ್ಲ. ಬೆಟ್ಟ ಎಷ್ಟು ನೆಲ ಕೊಟ್ಟಿತೋ ಅಷ್ಟರಲ್ಲೇ ಗೆರೆ ಎಳೆದು, ಎರಡು ಗೋಲು ನಿಲ್ಲಿಸಿ, ಆಡುತ್ತಾರೆ. ನೆಲವಿದ್ದುದರಿಂದ ಆಟ ಬಂದಿತೆಂದು ನಾವು ತಿಳಿದಿದ್ದೇವೆ. ಆಡಲೇಬೇಕೆಂಬ ಜನವಿದ್ದುದರಿಂದ ನೆಲ ಬಂದಿತೆಂದು ಆ ನಾಡು ಹೇಳುತ್ತದೆ. ಮುಂದಿನ ಸಲ ರೇಡಿಯೋದಲ್ಲಿ ಪಂದ್ಯದ ವಿವರಣೆ ಕೇಳುವಾಗ, ಮನಸ್ಸಿನಲ್ಲಿ ಮೈದಾನ ಹಾಸಿಕೊಳ್ಳುವ ಮೊದಲು, ಆ ನೆಲವನ್ನು ಬಿಟ್ಟುಕೊಟ್ಟವರನ್ನು ಒಂದು ಗಳಿಗೆ ನೆನೆಯಿರಿ. ನಿಮ್ಮ ಬೀದಿಯ ಕೊನೆಯಲ್ಲಿ ಹುಡುಗ ಹುಡುಗಿಯರು ಆಡುವ ಬಯಲೊಂದು ಇನ್ನೂ ಉಳಿದಿದ್ದರೆ, ಅದರ ಕಡೆಗೂ ಒಮ್ಮೆ ಕಣ್ಣು ಹಾಯಿಸಿರಿ.